ಹಾಲು ಬಿಟ್ಟ ಮೇಲೆ ತಟ್ಟೆಯಲ್ಲಿ ಏನಿರಬೇಕು?

ಆಹಾರ ಮತ್ತು ಆರೋಗ್ಯವನ್ನು ಕುರಿತ ಮಾತುಕತೆ ಪ್ರಸಾರವಾದಾಗಲೆಲ್ಲ ವಿದ್ಯಾರ್ಥಿಗಳಿಂದ ಹಲವು ಬಗೆಯ ಪ್ರಶ್ನೆಗಳು ಬರುತ್ತವೆ. ಈಚಿನ ವರ್ಷಗಳಲ್ಲಿ ಅವುಗಳ ನಡುವೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ. "ನಾನು ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಡಬೇಕೆಂದಿದ್ದೇನೆ. ಮನೆಯಲ್ಲಿ ಅಮ್ಮ ಹೆದರುತ್ತಾರೆ. ಇದರಿಂದ ದೇಹಕ್ಕೆ ತೊಂದರೆಯಾಗುತ್ತದೆಯೆ?"

ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು ಮತ್ತು ಹಾಲಿನಿಂದಾದ ಪದಾರ್ಥಗಳನ್ನೂ, ಜೇನನ್ನೂ ಬಿಟ್ಟ ಆಹಾರಕ್ರಮವನ್ನು ವೀಗನ್ ಆಹಾರ ಎನ್ನುತ್ತಾರೆ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು ಆ ವರ್ಷ ವೀಗನ್ ಸೊಸೈಟಿಯನ್ನು ಸ್ಥಾಪಿಸಿದರು. ಕೆಲವರು ಪ್ರಾಣಿದಯೆಯಿಂದ, ಕೆಲವರು ಪರಿಸರದ ಕಾಳಜಿಯಿಂದ, ಇನ್ನು ಕೆಲವರು ಹಾಲು ಜೀರ್ಣವಾಗದ ಕಾರಣದಿಂದ ಈ ದಾರಿ ಹಿಡಿಯುತ್ತಾರೆ. ಬಿಡಬೇಕೇ ಬೇಡವೇ ಎಂಬುದು ಅವರವರ ತೀರ್ಮಾನ. ಬಿಟ್ಟ ಮೇಲೆ ದೇಹದ ಲೆಕ್ಕಾಚಾರ ಏನಾಗುತ್ತದೆ ಎಂಬುದಷ್ಟೇ ಈ ಲೇಖನದ ವಿಷಯ. ಆ ಲೆಕ್ಕದಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ಹೆದರುವ ಸಂಗತಿಗಳಿಗೆ ಅಡುಗೆಮನೆಯಲ್ಲೇ ಪರಿಹಾರವಿದೆ. ಯಾರೂ ಹೆದರದ ಒಂದು ಸಂಗತಿಗೆ ಮಾತ್ರ ಅಲ್ಲಿ ಪರಿಹಾರವಿಲ್ಲ.

ಮೊದಲ ಭಯ: ಪ್ರೋಟೀನು

"ಹಾಲೂ ಇಲ್ಲದಿದ್ದರೆ ಮೈಗೆ ಶಕ್ತಿ ಎಲ್ಲಿಂದ ಬರಬೇಕು ಮಗಾ?" ಎಂಬ ಮಾತಿನ ಹಿಂದಿರುವುದು ಪ್ರೋಟೀನಿನ ಚಿಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 50 ಕಿಲೋ ತೂಗುವವರಿಗೆ ಇದು ಸುಮಾರು 42 ಗ್ರಾಂ.

ಇದನ್ನು ಒಂದು ದಿನದ ಊಟಕ್ಕೆ ಹೊಂದಿಸಿ ನೋಡೋಣ. 150 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿಂದ ಸುಮಾರು 10 ಗ್ರಾಂ, 150 ಗ್ರಾಂ ಅಕ್ಕಿಯಿಂದ 11 ಗ್ರಾಂ, 75 ಗ್ರಾಂ ಬೇಳೆ ಅಥವಾ ಹುರುಳಿಯಿಂದ 16 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ. ಒಟ್ಟು 44 ಗ್ರಾಂ ಆಯಿತು. ಇದಕ್ಕೆ ಹಾಲು ಬೇಕಾಗಲಿಲ್ಲ.

ಪ್ರೋಟೀನಿನ ಪ್ರಮಾಣದಂತೆ ಗುಣವೂ ಮುಖ್ಯ. ಅಕ್ಕಿ, ರಾಗಿ, ಜೋಳದಂಥ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ, ಆದರೆ ಮೆಥಿಯೋನಿನ್ ಕಡಿಮೆ. ಎರಡನ್ನೂ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ ಮತ್ತು ಹುರುಳಿ ಸಾರು, ಜೋಳದ ರೊಟ್ಟಿ ಮತ್ತು ಮಡಕೆ ಕಾಳಿನ ಪಲ್ಯ, ಅಕ್ಕಿ ಉದ್ದು ಸೇರಿದ ಇಡ್ಲಿ ಇವೆಲ್ಲ ಇಂಥ ಜೋಡಿಗಳೇ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ಒಂದೇ ದಿನದಲ್ಲಿ ಸಿಕ್ಕರೆ ಸಾಕು.

ಹಾಗಾದರೆ ತೊಂದರೆ ಎಲ್ಲಿ? ಅನ್ನದ ಮೇಲೆ ಸುರಿಯುವ ತಿಳಿ ಸಾರಿನಲ್ಲಿ. ಹಾಸ್ಟೆಲಿನ ತಟ್ಟೆಯಿಂದ ಮೊಸರನ್ನು ತೆಗೆದು ಅದರ ಜಾಗದಲ್ಲಿ ಏನನ್ನೂ ಇಡದಿದ್ದರೆ ಉಳಿಯುವುದು ಅನ್ನ ಮತ್ತು ನೀರು. ಬಿಸ್ಕತ್ತು, ಚಿಪ್ಸುಗಳಲ್ಲೂ ಹಾಲಿಲ್ಲದವು ಸಿಗುತ್ತವೆ. ಹಾಲಿಲ್ಲ ಎಂದ ಮಾತ್ರಕ್ಕೆ ಅವು ಊಟವಾಗಲಾರವು. ಒಂದನ್ನು ಬಿಟ್ಟಾಗ ಅದರ ಬದಲಿಗೆ ಮತ್ತೊಂದು ತಟ್ಟೆಗೆ ಬರಲೇಬೇಕು.

ಎರಡನೆಯ ಭಯ: ಸುಣ್ಣಾಂಶ

ಮೂಳೆಗೆ ಬೇಕಾದ ಕ್ಯಾಲ್ಸಿಯಂ ಹಾಲಿನಿಂದ ಮಾತ್ರ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಅಷ್ಟೇ ತೂಕದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ನಿಮ್ಮ ದಿನದ ಅಗತ್ಯ ಸುಮಾರು 1000 ಮಿಲಿಗ್ರಾಂ. ಅಂದರೆ ಹಾಲು ಬಿಟ್ಟು ಮೂರು ಹೊತ್ತೂ ಅಕ್ಕಿಯನ್ನೇ ಉಂಡರೆ ಈ ಲೆಕ್ಕ ಎಂದಿಗೂ ಕೂಡುವುದಿಲ್ಲ. ರಾಗಿ, ಹುರುಳಿ, ನುಗ್ಗೆ ಸೊಪ್ಪು, ಸಿಪ್ಪೆ ಸಹಿತವಾದ ಎಳ್ಳು ಇವು ಸೇರಿದರೆ ಕೂಡುತ್ತದೆ.

ಆದರೆ ಆಹಾರದಲ್ಲಿ ಇರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ವಸ್ತು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೊರಗೆ ಸಾಗಿಸಿಬಿಡುತ್ತದೆ. ಧಾನ್ಯಗಳಲ್ಲಿರುವ ಫೈಟೇಟ್ ಕೂಡ ಇಂಥದೇ ಅಡ್ಡಿ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಈ ಮೂರೂ ಫೈಟೇಟನ್ನು ತಗ್ಗಿಸುತ್ತವೆ. ಮೊಳಕೆ ಕಾಳಿನ ಉಸಲಿ, ರಾಗಿ ದೋಸೆಗಳಿಗೆ ರುಚಿಯ ಜೊತೆ ಈ ಗುಣವೂ ಇದೆ. ಸೋಯಾ ಹಾಲನ್ನು ಕೊಳ್ಳುವವರು ಪೊಟ್ಟಣದ ಮೇಲೆ ಕ್ಯಾಲ್ಸಿಯಂ ಸೇರಿಸಿದೆಯೆ ಎಂದು ಓದಿ ನೋಡಬೇಕು. ತೆಂಗಿನ ಹಾಲು ಬಣ್ಣದಲ್ಲಿ ಹಾಲಿನಂತಿದ್ದರೂ ಪೋಷಣೆಯಲ್ಲಿ ಅದಕ್ಕೆ ಬದಲಿಯಲ್ಲ.

ಕ್ಯಾಲ್ಸಿಯಂ ಹೀರಲ್ಪಡಲು ಡಿ ಜೀವಸತ್ವವೂ ಬೇಕು. ಅದನ್ನು ನಮ್ಮ ಚರ್ಮವೇ ಬಿಸಿಲಿನ ನೆರವಿನಿಂದ ತಯಾರಿಸುತ್ತದೆ. ದಿನವಿಡೀ ತರಗತಿ, ಗ್ರಂಥಾಲಯ, ಕೊಠಡಿಗಳಲ್ಲೇ ಇರುವ ವಿದ್ಯಾರ್ಥಿಗೆ ಇದರ ಕೊರತೆ ಬರಬಹುದು, ಹಾಲು ಕುಡಿದರೂ ಸರಿ, ಬಿಟ್ಟರೂ ಸರಿ.

ಮೂರನೆಯದು: ಕಬ್ಬಿಣ

ಕಬ್ಬಿಣದ ಮಟ್ಟಿಗೆ ಹಾಲು ಬಿಟ್ಟಿದ್ದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಮಾಂಸ, ಮೀನು ಬಿಟ್ಟವರಿಗೆ ಎಚ್ಚರ ಬೇಕು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳು ಅಷ್ಟು ಸುಲಭವಾಗಿ ಹೀರುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೀರುವಿಕೆ ಹೆಚ್ಚುತ್ತದೆ. ಕೋಸಂಬರಿಗೆ ಹಿಂಡುವ ನಿಂಬೆರಸ, ಊಟದ ಜೊತೆ ನೆಲ್ಲಿಕಾಯಿ, ಊಟದ ಕೊನೆಗೆ ಸೀಬೆಹಣ್ಣು ಇದಕ್ಕೆ ಸಾಕು. ಕಾಫಿ, ಟೀಗಳು ಕಬ್ಬಿಣದ ಹೀರುವಿಕೆಯನ್ನು ತಡೆಯುತ್ತವೆ. ಆದ್ದರಿಂದ ಊಟಕ್ಕೂ ಅವುಗಳಿಗೂ ಒಂದು ಗಂಟೆಯ ಅಂತರವಿರಲಿ. ತಿಂಗಳ ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುವ ಹೆಣ್ಣುಮಕ್ಕಳು ಈ ಬಗ್ಗೆ ವಿಶೇಷ ಗಮನ ಕೊಡಬೇಕು.

ಯಾರೂ ಕೇಳದ ಪ್ರಶ್ನೆ: ಬಿ12

ಈಗ ನಾವು ಮುಖ್ಯ ವಿಷಯಕ್ಕೆ ಬಂದೆವು. ಬಿ12 ಜೀವಸತ್ವ ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಮಾತ್ರ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಇಷ್ಟು ಸೂಕ್ಷ್ಮ ಪ್ರಮಾಣದ ವಸ್ತು ಇಲ್ಲದಿದ್ದರೆ ರಕ್ತಕಣಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ, ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ.

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ಅದನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ, ಅಲ್ಲಿಂದ ಅದು ಹಾಲಿಗೆ ಬರುತ್ತದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಇದನ್ನು ತಯಾರಿಸುವ ಬ್ಯಾಕ್ಟೀರಿಯಾಗಳಿವೆ. ಆದರೆ ಅದು ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ತಯಾರಾಗುವ ಜಾಗ ಅದಕ್ಕಿಂತ ಮುಂದೆ ಇರುವುದರಿಂದ ನಮಗೆ ಪ್ರಯೋಜನವಿಲ್ಲ.

ಇಡ್ಲಿ ಹಿಟ್ಟು ಹುಳಿ ಬಂದಾಗ, ತೊಳೆಯದ ತರಕಾರಿಯ ಮಣ್ಣಿನಲ್ಲಿ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಬಿ12 ಸಿಗುತ್ತದೆ ಎಂದು ಹೇಳುವವರಿದ್ದಾರೆ. ಇಡ್ಲಿ ಹಿಟ್ಟನ್ನು ನೆಚ್ಚಿಕೊಳ್ಳುವಂತಿಲ್ಲ. ಮಣ್ಣಿನ ಜೊತೆ ಜಂತುಹುಳುವೂ ಬಂದೀತು. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ12ನ್ನು ಹೋಲುವ ಬೇರೊಂದು ವಸ್ತು, ಅದು ಮನುಷ್ಯನ ದೇಹದಲ್ಲಿ ಕೆಲಸ ಮಾಡುವುದಿಲ್ಲ.

ಕೊರತೆ ಏಕೆ ಬೇಗ ಕಾಣುವುದಿಲ್ಲ?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಯಕೃತ್ತು ಬಿ12 ಅನ್ನು ದಾಸ್ತಾನು ಮಾಡಿಕೊಳ್ಳುತ್ತದೆ. ದಾಸ್ತಾನು ತುಂಬಿದ್ದರೆ ಅದು ಕೆಲವು ವರ್ಷಗಳವರೆಗೆ ಸಾಕಾಗುತ್ತದೆ. ಆದರೆ ವಿದೇಶಿ ಪುಸ್ತಕಗಳಲ್ಲಿರುವ ಈ ಮಾತನ್ನು ಓದಿ ನಾವು ನಿಶ್ಚಿಂತರಾಗುವಂತಿಲ್ಲ. ಆ ಲೆಕ್ಕ ಮಾಂಸ ಉಂಡು ಬೆಳೆದವರದು. ಹಾಲು ಸೇವಿಸುವ ಸಸ್ಯಾಹಾರಿಗಳಲ್ಲೂ ಬಿ12 ಮಟ್ಟ ಕಡಿಮೆ ಇರುವುದು ಸಾಮಾನ್ಯ ಎಂದು ಪುಣೆಯಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಅನೇಕರು ಹಾಲು ಬಿಡುವ ದಿನವೇ ಅರೆಬರೆ ದಾಸ್ತಾನಿನೊಂದಿಗೆ ಹೊರಟಿರುತ್ತಾರೆ.

ಎರಡನೆಯ ಕಾರಣಕ್ಕೆ ಒಂದು ಚರಿತ್ರೆಯೇ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದು ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡರು. ಅದರಲ್ಲಿದ್ದ ವಸ್ತು ಫೋಲಿಕ್ ಆಮ್ಲ ಎಂದು ಅನಂತರ ತಿಳಿಯಿತು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಕೂಡಲೇ ವೈದ್ಯರು ಅದನ್ನು ಮತ್ತೊಂದು ಬಗೆಯ ಮಾರಕ ರಕ್ತಹೀನತೆಯ ರೋಗಿಗಳಿಗೂ ಕೊಟ್ಟು ನೋಡಿದರು. ರಕ್ತ ಸುಧಾರಿಸಿತು, ಆದರೆ ನರಗಳ ಹಾನಿ ಮುಂದುವರಿಯಿತು. ಆ ರೋಗಿಗಳಿಗೆ ಕೊರತೆಯಾಗಿದ್ದದ್ದು ಬಿ12. ಅದನ್ನು ಬೇರ್ಪಡಿಸಿದ್ದು 1948ರಲ್ಲಿ. ಅದರ ರಚನೆಯನ್ನು ಡೊರೊಥಿ ಹಾಡ್ಜ್‌ಕಿನ್ ಕ್ಷಕಿರಣಗಳ ನೆರವಿನಿಂದ ಬಿಡಿಸಿದರು, 1964ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಈ ಚರಿತ್ರೆ ನಮ್ಮ ತಟ್ಟೆಗೆ ನೇರವಾಗಿ ಸಂಬಂಧಿಸಿದೆ. ಸೊಪ್ಪು, ಕಾಳುಗಳಲ್ಲಿ ಫೋಲಿಕ್ ಆಮ್ಲದ ಗುಂಪಿನ ಜೀವಸತ್ವ ಹೇರಳವಾಗಿದೆ. ಚೆನ್ನಾಗಿ ಉಣ್ಣುವ ವೀಗನ್ ವಿದ್ಯಾರ್ಥಿಯ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇರಬಹುದು. ಅದೇ ಹೊತ್ತಿಗೆ ಪಾದಗಳಲ್ಲಿ ಜುಮುಜುಮು, ನಾಲಿಗೆಯ ಉರಿ, ಕಾರಣವಿಲ್ಲದ ಆಯಾಸ, ಮರೆವು, ಮಂಕುತನ ಶುರುವಾಗಿರಬಹುದು. ಪರೀಕ್ಷೆಯ ಒತ್ತಡ, ನಿದ್ದೆಗೇಡು ಎಂದು ಅದನ್ನು ತಳ್ಳಿಹಾಕುವುದು ಸುಲಭ. ಬಹುಕಾಲ ಹಾಗೇ ಬಿಟ್ಟರೆ ನರಗಳ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಇನ್ನೊಂದು ಗಂಭೀರ ಸಂಗತಿ. 1962ರಲ್ಲಿ ವೆಲ್ಲೂರಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಶಿಶುಗಳ ಬಗ್ಗೆ ವರದಿ ಮಾಡಿದರು. ತಾಯಂದಿರಲ್ಲಿ ಬಿ12 ಕೊರತೆ ಇದ್ದುದರಿಂದ ಆ ಕೂಸುಗಳ ಬೆಳವಣಿಗೆ ಹಿಂದೆ ಸರಿದಿತ್ತು, ಕೈಕಾಲುಗಳಲ್ಲಿ ನಡುಕ ಕಾಣಿಸಿಕೊಂಡಿತ್ತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ವೈದ್ಯರ ಸಲಹೆಯಿಲ್ಲದೆ ಈ ಆಹಾರಕ್ರಮಕ್ಕೆ ಬರಬಾರದು ಎನ್ನಲು ಇದೇ ಕಾರಣ.

ಹಾಗಾದರೆ ಮಾಡಬೇಕಾದ್ದೇನು?

ಬಿ12 ಅನ್ನು ಮಾತ್ರೆಯ ರೂಪದಲ್ಲಿ, ಅಥವಾ ಅದನ್ನು ಸೇರಿಸಿದ ಆಹಾರದ ಮೂಲಕ ತೆಗೆದುಕೊಳ್ಳಬೇಕು. ಇದರಲ್ಲಿ ವ್ರತಭಂಗವೇನೂ ಇಲ್ಲ. ಕಾರ್ಖಾನೆಗಳಲ್ಲೂ ಇದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳೇ, ಪ್ರಾಣಿಗಳಿಂದ ತೆಗೆಯುವುದಿಲ್ಲ. ವೀಗನ್ ಸೊಸೈಟಿ ತನ್ನ ಸದಸ್ಯರಿಗೆ ಹೇಳುವ ಪ್ರಮಾಣ ಮಾತ್ರೆಯಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ 2000 ಮೈಕ್ರೋಗ್ರಾಂ. ಈ ಅಂಕಿಗಳು ದೊಡ್ಡವೆನಿಸಲು ಕಾರಣವಿದೆ. ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನು ಬಿ12ನ್ನು ಹೊತ್ತು ಕರುಳಿಗೆ ಸಾಗಿಸುತ್ತದೆ. ಒಂದು ಸಲಕ್ಕೆ ಅದು ಹೊರಬಲ್ಲದ್ದು ಒಂದೂವರೆ, ಎರಡು ಮೈಕ್ರೋಗ್ರಾಂ ಮಾತ್ರ. ಅದಕ್ಕಿಂತ ಹೆಚ್ಚಿನದರಲ್ಲಿ ನೂರಕ್ಕೆ ಒಂದು ಪಾಲಿನಷ್ಟು ತಾನಾಗಿ ಒಳಗೆ ಸೇರುತ್ತದೆ. ಈಗಾಗಲೇ ಕೊರತೆ ಇರುವವರಿಗೆ ಬೇಕಾದ ಪ್ರಮಾಣ ಬೇರೆ, ಅದನ್ನು ವೈದ್ಯರೇ ನಿರ್ಧರಿಸಬೇಕು.

ಹಾಸ್ಟೆಲಿನಲ್ಲಿರುವವರು ನೆನಪಿಡಬೇಕಾದ ಕೆಲವು ಅಂಶಗಳು ಇಲ್ಲಿವೆ.

1. ಹಾಲು ಬಿಡುವ ಮೊದಲೇ ಒಮ್ಮೆ ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಬಿ12 ಎರಡನ್ನೂ ಪರೀಕ್ಷಿಸಿಕೊಳ್ಳಿ. ಹಿಮೋಗ್ಲೋಬಿನ್ ಒಂದೇ ಸಾಲದು.

2. ಬಿ12 ಮಾತ್ರೆಯನ್ನು ಆರಂಭದ ವಾರದಿಂದಲೇ ಶುರುಮಾಡಿ. ಲಕ್ಷಣ ಕಾಣಲಿ ಎಂದು ಕಾಯಬೇಡಿ.

3. ದಿನಕ್ಕೆ ಎರಡು ಹೊತ್ತಾದರೂ ಗಟ್ಟಿ ಬೇಳೆ ಅಥವಾ ಕಾಳು ತಟ್ಟೆಯಲ್ಲಿರಲಿ. ಕೊಠಡಿಯಲ್ಲಿ ಹುರಿಗಡಲೆ, ಕಡಲೆಕಾಯಿ, ಎಳ್ಳುಂಡೆ ಇಟ್ಟುಕೊಳ್ಳಿ.

4. ವಾರದಲ್ಲಿ ಹಲವು ಬಾರಿ ರಾಗಿ ಇರಲಿ. ಅಗಸೆ ಚಟ್ನಿಪುಡಿ ಸಿಕ್ಕರೆ ಬಿಡಬೇಡಿ, ಮೀನು ತಿನ್ನದವರಿಗೆ ಒಮೆಗಾ 3 ಕೊಬ್ಬಿನಾಮ್ಲಕ್ಕೆ ಅದು ಒಳ್ಳೆಯ ಮೂಲ.

5. ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸಿ.

6. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ, ಅದರಲ್ಲಿ ಹಾಲು ಇರಬಹುದು. ವೀಗನ್ ಆಹಾರಕ್ಕೆ ಪ್ರತ್ಯೇಕ ಗುರುತನ್ನು 2022ರ ನಿಯಮಗಳು ಗೊತ್ತುಪಡಿಸಿವೆ.

ಮನೆಯವರ ಆತಂಕವನ್ನು ವಾದದಿಂದ ಕಳೆಯಲಾಗದು. ಇವತ್ತು ಏನು ಉಂಡೆ, ಅದರಲ್ಲಿ ಪ್ರೋಟೀನು ಎಷ್ಟು, ಸುಣ್ಣಾಂಶ ಎಷ್ಟು ಎಂದು ಒಂದು ವಾರ ಬರೆದಿಟ್ಟು ಅಮ್ಮನ ಮುಂದಿಡಿ. ಬಿ12 ಪರೀಕ್ಷೆಯ ವರದಿಯನ್ನೂ ಅದರ ಜೊತೆಗಿಡಿ. ಆ ಲೆಕ್ಕ ಸರಿಯಿದ್ದರೆ ಅವರ ಹೆದರಿಕೆ ತಾನಾಗಿಯೇ ಕಡಿಮೆಯಾಗುತ್ತದೆ. ಸರಿಯಿಲ್ಲದಿದ್ದರೆ ಅವರು ಹೆದರಿದ್ದರಲ್ಲಿ ಅರ್ಥವಿದೆ ಎಂದು ತಿಳಿದು, ಮೊದಲು ತಟ್ಟೆಯನ್ನು ಸರಿಪಡಿಸಿಕೊಳ್ಳಿ.