ನ್ಯಾನೊಗ್ರಾಮಿಗೆ ದೀಪ ಹಚ್ಚಿದ ಪುಡಿ

ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿ. ಅದರಲ್ಲಿ ಐವತ್ತೇ ಐವತ್ತು ಪಾಲು ಎತ್ತಿಕೊಳ್ಳಿ. ಅಷ್ಟು ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಗಾಜಿನ ಕೊಳವೆಯ ತಳದಲ್ಲಿದ್ದರೆ ಕಣ್ಣಿಗೆ ಕಾಣುವ ಮಾತೇ ಇಲ್ಲ. ಆದರೆ ತುಸು ಕ್ಷಾರೀಯ ದ್ರಾವಣದಲ್ಲಿ ಅದನ್ನು ಕರಗಿಸಿ, ಕೊಳವೆಯನ್ನು ಗಿರಗಿರನೆ ಅಲುಗಿಸುತ್ತಲೇ, ಅಸಿಟೋನಿನಲ್ಲಿ ಕರಗಿಸಿದ ಫ್ಲೋರೆಸ್ಕಮೈನ್ ಎಂಬ ಪುಡಿಯನ್ನು ಹನಿಸಿ ನೋಡಿ! 390 ನ್ಯಾನೊಮೀಟರಿನ ನೇರಳೆ ಬೆಳಕು ಬಿದ್ದೊಡನೆ 475ರ ನೀಲಿ-ಹಸಿರು ಬೆಳಕು ಹೊಮ್ಮುತ್ತದೆ. ಕುದಿಸಬೇಕಿಲ್ಲ, ಕಾಯಬೇಕಿಲ್ಲ; ಒಂದು ಸೆಕೆಂಡಿನೊಳಗೆ ಕೆಲಸ ಮುಗಿದಿರುತ್ತದೆ.

ಈ ಪುಡಿಯ ಹುಟ್ಟು ಇನ್ನೂ ಸೋಜಿಗದ್ದು. ಅಮೈನೋ ಆಮ್ಲ ಹುಡುಕಲು 1910ರಿಂದ ಇದ್ದದ್ದು ನಿನ್‌ಹೈಡ್ರಿನ್. ಕಾಯಿಸಿದರೆ ನೇರಳೆ ಬಣ್ಣ ಬರುತ್ತಿತ್ತು. 1960ರ ದಶಕದಲ್ಲಿ ಅದೇ ನಿನ್‌ಹೈಡ್ರಿನ್ ರಕ್ತದ ಫೀನೈಲ್‌ಅಲನಿನ್ ಅಳೆಯುವ ಪರೀಕ್ಷೆಗೆ ಬಂತು. ಜೊತೆಗೆ ಒಂದು ಚಿಕ್ಕ ಪೆಪ್ಟೈಡ್ ಬೆರೆಸಿದರೆ ಮಿಶ್ರಣ ಬಣ್ಣಕ್ಕೆ ತಿರುಗುವ ಬದಲು ಹೊಳೆಯುತ್ತಿತ್ತು! ಯಾಕೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಮಲೇರಿಯಾ ಔಷಧವನ್ನು ಪ್ರತಿದೀಪ್ತಿಯಿಂದ (ಬೆಳಕು ಬಿದ್ದಾಗ ಬೇರೆ ಬಣ್ಣದಲ್ಲಿ ಹೊಳೆಯುವ ಗುಣದಿಂದ) ಅಳೆಯುವುದರಲ್ಲೇ ಪಳಗಿದ್ದ ಸಿಡ್ನಿ ಯುಡೆನ್‌ಫ್ರೆಂಡ್ ಈ ಪ್ರಶ್ನೆಯನ್ನು ಬಿಡಲಿಲ್ಲ. ನ್ಯೂಜೆರ್ಸಿಯ ನಟ್ಲಿಯಲ್ಲಿದ್ದ ರೋಶ್ ಸಂಸ್ಥೆಯಲ್ಲಿ ಅವರ ತಂಡ ಉತ್ತರ ಕಂಡುಕೊಂಡಿತು: ಬಿಸಿಯಲ್ಲಿ ಫೀನೈಲ್‌ಅಲನಿನ್ ಒಡೆದು ಹುಟ್ಟುವ ಆಲ್ಡಿಹೈಡ್, ನಿನ್‌ಹೈಡ್ರಿನ್ ಮತ್ತು ಪೆಪ್ಟೈಡಿನ ಅಮೈನ್ ಎಂಬ ಸಾರಜನಕದ ತುದಿ, ಮೂರೂ ಕೂಡಿ ಹೊಳೆಯುವ ಅಣುವಾಗುತ್ತಿದ್ದವು. ಹಾಗಿದ್ದರೆ ಈ ಸುತ್ತುದಾರಿ ಏಕೆ, ನೇರವಾಗಿ ಅಮೈನನ್ನೇ ಹಿಡಿಯುವ ಅಣು ಕಟ್ಟೋಣ ಎಂದರು ಅಲ್ಲಿನ ರಸಾಯನಜ್ಞರು. ಕಟ್ಟಿಯೇ ಬಿಟ್ಟರು. 1972ರಲ್ಲಿ ಫ್ಲೋರೆಸ್ಕಮೈನ್ ಜಗತ್ತಿಗೆ ಬಂತು.

ನನ್ನನ್ನು ಬೆರಗುಗೊಳಿಸುವುದು ಅದರ ಹೊಳಪಿಗಿಂತ ಅದರ ಸುತ್ತಲಿನ ಕತ್ತಲೆ. ಹಗಲಲ್ಲೂ ನಕ್ಷತ್ರಗಳು ಆಕಾಶದಲ್ಲೇ ಇರುತ್ತವೆ, ಕಾಣಲು ರಾತ್ರಿಯಾಗಬೇಕಷ್ಟೇ. ಬಣ್ಣದ ಪರೀಕ್ಷೆಯಲ್ಲಿ ಪ್ರಖರ ಬೆಳಕಿನ ಸಣ್ಣ ಇಳಿಕೆಯನ್ನು ಅಳೆಯಬೇಕು. ಪ್ರತಿದೀಪ್ತಿಯಲ್ಲಿ ಕತ್ತಲಿನ ಮೇಲೆ ಮೂಡಿದ ಬೆಳಕನ್ನೇ ಅಳೆಯಬಹುದು. ಆದರೆ ಗುರುತು ಹಚ್ಚುವ ಪದಾರ್ಥವೇ ಮಿನುಗಿದರೆ ಕತ್ತಲೆಲ್ಲಿ ಉಳಿದೀತು? ಫ್ಲೋರೆಸ್ಕಮೈನ್ ತಾನಾಗಿ ಹೊಳೆಯುವುದೇ ಇಲ್ಲ. ಅಮೈನಿಗೆ ಅಂಟಿದ ಮೇಲಷ್ಟೇ ಬೆಳಕು. ಅಂಟದೆ ಉಳಿದದ್ದನ್ನು ನೀರು ಕೆಲವೇ ಸೆಕೆಂಡುಗಳಲ್ಲಿ ಒಡೆದುಹಾಕುತ್ತದೆ, ಆ ಚೂರುಗಳೂ ಹೊಳೆಯುವುದಿಲ್ಲ! ಅಂಟುವ ವೇಗ ಒಡೆಯುವ ವೇಗಕ್ಕಿಂತ ಹೆಚ್ಚು. ಇಡೀ ಜಾಣ್ಮೆ ಇರುವುದು ಆ ಒಂದಿಷ್ಟು ಅಂತರದಲ್ಲಿ.

ಎಲ್ಲ ಪೆಪ್ಟೈಡುಗಳೂ ಇದಕ್ಕೆ ಸಿಕ್ಕುವುದಿಲ್ಲ, ನಿಜ. ಲಕ್ಷಗಟ್ಟಲೆ ಕುರಿಗಳ ಮಿದುಳಿನ ತುಣುಕು ಅರೆದು ವಿಜ್ಞಾನಿ ಗಿಲ್ಲೆಮಿನ್ ಅವರ ತಂಡ ಮಿಲಿಗ್ರಾಂ ಲೆಕ್ಕದಲ್ಲಿ ಪಡೆದ ಟಿಆರ್‌ಎಚ್ ಎಂಬ ಪೆಪ್ಟೈಡ್ ಹಾರ್ಮೋನಿನಲ್ಲಿ ಫ್ಲೋರೆಸ್ಕಮೈನ್ ಹಿಡಿಯಬಲ್ಲ ಅಮೈನ್ ತುದಿಯೇ ಇಲ್ಲ. ಆ ತುದಿ ಉಂಗುರವಾಗಿ ಮಡಚಿಕೊಂಡಿದೆ.

ಆದರೆ ಇಂಟರ್‌ಫೆರಾನ್ ಸಿಕ್ಕಿತು! 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಹೆಸರಿಟ್ಟ ಈ ವೈರಸ್‌ವಿರೋಧಿ ಪ್ರೋಟೀನು ಇಪ್ಪತ್ತು ವರ್ಷ ಶುದ್ಧರೂಪದಲ್ಲಿ ಕೈಗೇ ಸಿಕ್ಕಿರಲಿಲ್ಲ. ಅಷ್ಟು ವಿರಳ. 1970ರ ದಶಕದ ಕೊನೆಗೆ ನಟ್ಲಿಯಲ್ಲಿ ಸಿಡ್ನಿ ಪೆಸ್ಟ್ಕಾ, ಮೆನಾಖೆಮ್ ರೂಬಿನ್‌ಸ್ಟೈನ್ ಮತ್ತು ಸಂಗಡಿಗರು ಮನುಷ್ಯರ ಬಿಳಿರಕ್ತಕಣಗಳಿಂದ ದೊರೆತ ದ್ರವವನ್ನು ಪದಾರ್ಥಗಳನ್ನು ಬೇರ್ಪಡಿಸುವ ಕಾಲಮ್ಮಿನ ಮೂಲಕ ಹರಿಸಿದರು. ಹೊರಬಂದ ಹರಿವಿನ ಒಂದು ಸಣ್ಣ ಪಾಲು ಫ್ಲೋರೆಸ್ಕಮೈನಿನ ಕಡೆಗೆ. ಉಳಿದದ್ದೆಲ್ಲ ಮುಕ್ಕಾಗದೆ ಸಂಗ್ರಹಕ್ಕೆ. ಚಾರ್ಟಿನ ಮೇಲೆ ಗೀಟು ಏರಿಳಿಯಿತು. ಒಂದೇ ವಸ್ತು ಇರಬಹುದೆಂದುಕೊಂಡಲ್ಲಿ ಹಲವು ಶಿಖರಗಳು ಎದ್ದವು! ಇಂಟರ್‌ಫೆರಾನ್ ಒಂಟಿಯಲ್ಲ, ಒಂದು ಕುಟುಂಬ. ಆಲ್ಫಾ ಬಗೆಯೊಂದಕ್ಕೇ ಮನುಷ್ಯರಲ್ಲಿ ಹತ್ತಕ್ಕೂ ಹೆಚ್ಚು ಜೀನುಗಳಿವೆ ಎಂಬುದು ಆಮೇಲೆ ಗೊತ್ತಾಯಿತು. 1986ರಲ್ಲಿ ಆ ಕುಟುಂಬದ ಸದಸ್ಯನೊಬ್ಬ ಅಮೆರಿಕದಲ್ಲಿ ರಕ್ತ ಕ್ಯಾನ್ಸರಿನ ಒಂದು ಬಗೆಗೆ ಔಷಧವಾಗಿ ಮಂಜೂರಾದ.