ಕೋಟೆಯನ್ನು ನೋಡುವ ಬಗೆ

ನಮ್ಮ ತೆಂಗಿನ ಸೀಮೆಯಲ್ಲಿ ಪ್ರವಾಸವೆಂದರೆ ದೇವಸ್ಥಾನವೆಂದೇ ಅರ್ಥ. ಅರಳಗುಪ್ಪೆಗೆ ಬಂದವರು ಕಲ್ಲೇಶ್ವರನ ಗುಡಿಯೊಳಗೆ ಹೋಗಿ, ಕತ್ತನ್ನು ಹಿಂದಕ್ಕೆ ಬಾಗಿಸಿ, 9ನೆಯ ಶತಮಾನದ ಆ ಭುವನೇಶ್ವರಿಯನ್ನು ನೋಡುತ್ತಾರೆ. ನಡುವೆ ನರ್ತಿಸುವ ಶಿವ, ಸುತ್ತಲೂ ಅಷ್ಟದಿಕ್ಪಾಲಕರು. ಅನಂತರ ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಗೆ ಬಂದು ಅದರ ನಕ್ಷತ್ರಾಕಾರದ ಗೋಡೆಯನ್ನು ಒಂದು ಸುತ್ತು ಬರುತ್ತಾರೆ. ಮೇಲೆ ನೋಡುವುದು, ಪ್ರದಕ್ಷಿಣೆ ಬರುವುದು, ಇವೆರಡೂ ನಮಗೆ ಬಾಲ್ಯದಿಂದ ಬಂದ ಅಭ್ಯಾಸ. ಈ ಅಭ್ಯಾಸವನ್ನೇ ಹೊತ್ತುಕೊಂಡು ಕೋಟೆಗೆ ಹೋದವರು ನಿರಾಶರಾಗಿ ಹಿಂದಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. “ಏನಿದೆ ಅಲ್ಲಿ? ಬರೀ ಕಲ್ಲು” ಎನ್ನುತ್ತಾರೆ.

ತಪ್ಪು ಕಲ್ಲಿನದಲ್ಲ. ದೇವಸ್ಥಾನವನ್ನು ಕಟ್ಟಿದ್ದು ಜನರನ್ನು ಒಳಕ್ಕೆ ಕರೆಯುವುದಕ್ಕೆ. ಕೋಟೆಯನ್ನು ಕಟ್ಟಿದ್ದು ಹೊರಗೆ ನಿಲ್ಲಿಸುವುದಕ್ಕೆ. ಆದುದರಿಂದ ಕೋಟೆಯನ್ನು ಅತಿಥಿಯಂತೆ ನೋಡಬಾರದು, ಹಗೆಯಂತೆ ನೋಡಬೇಕು. “ನಾನು ಇದರೊಳಗೆ ನುಗ್ಗಬೇಕಾಗಿದ್ದರೆ ಎಲ್ಲಿಂದ ನುಗ್ಗುತ್ತಿದ್ದೆ?” ಎಂದು ಕೇಳಿಕೊಳ್ಳುತ್ತ ನಡೆದರೆ ಪ್ರತಿಯೊಂದು ಕಲ್ಲೂ ಉತ್ತರ ಹೇಳತೊಡಗುತ್ತದೆ.

ಕೋಟೆಗಳ ಪೈಕಿ ಅತ್ಯಂತ ಸರಳವಾದದ್ದು ಒಂಟಿ ಗೋಪುರ. ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ಇಂಥವು ಈಗಲೂ ಅನೇಕ ನಿಂತಿವೆ. ಅವನ್ನು ಫ್ರೆಂಚರು ದೋಂಜೋಂ ಎನ್ನುತ್ತಾರೆ. ನೆಲಮಾಳಿಗೆಯ ಸೆರೆಮನೆಗೆ ಇಂಗ್ಲಿಷಿನಲ್ಲಿ ಹೇಳುವ ‘ಡಂಜನ್’ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಲೋಶ್ ಎಂಬ ಊರಿನ ಗೋಪುರ 11ನೆಯ ಶತಮಾನದ ಮೊದಲ ಭಾಗದ್ದು, ಎತ್ತರ ಸುಮಾರು 120 ಅಡಿ. ಇಂಥ ಗೋಪುರಗಳಲ್ಲಿ ಬಾಗಿಲು ಸಾಮಾನ್ಯವಾಗಿ ನೆಲದ ಮಟ್ಟದಲ್ಲಿರುವುದಿಲ್ಲ, ಮೊದಲನೆಯ ಅಂತಸ್ತಿನಲ್ಲಿರುತ್ತದೆ. ಏಣಿಯನ್ನೋ ಮರದ ಮೆಟ್ಟಿಲನ್ನೋ ತೆಗೆದುಬಿಟ್ಟರೆ ಕೆಳಗೆ ನಿಂತವನಿಗೆ ಬಾಗಿಲು ಕಂಡೂ ಕೈಗೆಟುಕದು. ಇದು ನಮಗೆ ಹೊಸ ಸಂಗತಿಯೇನೂ ಅಲ್ಲ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹುಡೆ ಅಥವಾ ಹುಡೇವು ಎಂದು ಕರೆಯುತ್ತಿದ್ದ ದುಂಡನೆಯ ಬುರುಜುಗಳ ಉಪಾಯವೂ ಇದೇ ಜಾತಿಯದು. ದಂಡು ಬರುತ್ತಿದೆಯೆಂದರೆ ಹೆಂಗಸರು ಮಕ್ಕಳನ್ನು ಅದರ ಮೇಲೇರಿಸಿ, ಗಂಡಸರು ಕವಣೆ ಕಲ್ಲು ಹಿಡಿದು ನಿಲ್ಲುತ್ತಿದ್ದರು. ಫ್ರಾನ್ಸಿನಲ್ಲಿ ಕಟ್ಟಿಸಿದವನು ಪ್ರಭು, ಇಲ್ಲಿ ಬಹುಮಟ್ಟಿಗೆ ಊರೇ, ಅಷ್ಟು ವ್ಯತ್ಯಾಸ. ಅಲ್ಲಿಯ ಪ್ರಭುವಿನ ಗೋಪುರಕ್ಕೆ ಟಿಕೆಟ್ಟಿದೆ, ಮಾರ್ಗದರ್ಶಕನಿದ್ದಾನೆ. ನಮ್ಮ ಹುಡೆಗಳು ಎಷ್ಟೋ ಕಡೆ ಕರಗಿ ಮಣ್ಣಾಗಿ ಹೋದುವು. ಕೋಟೆ ಬೀದಿ ಎಂಬ ಹೆಸರು ಮಾತ್ರ ಉಳಿದಿರುವ ಊರುಗಳೆಷ್ಟೋ!

ಗೋಡೆ ಎತ್ತರವಾದರೆ ಸಾಕೆ? ಸಾಲದು ಎಂಬುದಕ್ಕೆ ಫ್ರಾನ್ಸಿನ ಗಯ್ಯಾರ್ ಕೋಟೆಯೇ ಸಾಕ್ಷಿ. ಇಂಗ್ಲೆಂಡಿನ ದೊರೆ ರಿಚರ್ಡ್ ಇದನ್ನು ಸೇನ್ ನದಿಯ ಮೇಲಣ ಗುಡ್ಡದಲ್ಲಿ 1196ರಿಂದ 1198ರವರೆಗೆ ಬಹು ಬೇಗ ಕಟ್ಟಿಸಿದ. ಒಂದರೊಳಗೊಂದು ಸುತ್ತುಗಳು, ನಡುವೆ ಕಂದಕಗಳು. ರಿಚರ್ಡ್ ಸತ್ತ ಮೇಲೆ ಫ್ರಾನ್ಸಿನ ದೊರೆ ಫಿಲಿಪ್ 1203ರಲ್ಲಿ ಮುತ್ತಿಗೆ ಹಾಕಿದ. ಕೆಳಗಣ ಊರಿನ ಜನ ನೂರುಗಟ್ಟಲೆ ಕೋಟೆಯೊಳಗೆ ಸೇರಿಕೊಂಡಿದ್ದರು. ದವಸ ಕರಗುತ್ತ ಬಂದಾಗ ಕಾವಲಿನವರು ಅವರನ್ನು ಹೊರಗಟ್ಟಿದರು; ಮೊದಮೊದಲು ಹೋಗಗೊಟ್ಟ ಫ್ರೆಂಚರು ಕೊನೆಗೆ ಬಂದವರನ್ನು ಬಿಡಲಿಲ್ಲ. ಗೋಡೆಗೂ ದಂಡಿಗೂ ನಡುವೆ ಸಿಕ್ಕಿದ ಆ ಬಡಜನ ಚಳಿಗಾಲವೆಲ್ಲ ಕಂದಕದ ಬಳಿ ಬಿದ್ದು ಹಸಿವಿನಿಂದ ಸತ್ತರು. ಕೋಟೆಯನ್ನು ನೋಡಿ ರಾಜರ ವೈಭವವನ್ನು ನೆನೆಯುವವರು ಈ ಕಂದಕವನ್ನೂ ಒಂದು ಕ್ಷಣ ನೆನೆಯುವುದು ಒಳ್ಳೆಯದು. 1204ರ ಮಾರ್ಚಿಯಲ್ಲಿ ಕೋಟೆ ಬಿದ್ದಿತು. ಅದಕ್ಕೆ ಮೊದಲು ನಡುವಣ ಸುತ್ತು ಕೈಬಿಟ್ಟದ್ದು ಒಂದು ಕಿಂಡಿಯಿಂದ: ಕೆಲವು ಸೈನಿಕರು ಹತ್ತಿ ಒಳನುಸುಳಿ ಸೇತುವೆಯನ್ನು ಇಳಿಸಿದರು. ಅದು ಪ್ರಾರ್ಥನಾ ಮಂದಿರದ ಕಿಟಕಿ ಎಂದು ಕೆಲವರು, ಶೌಚದ ಕಿಂಡಿ ಎಂದು ಕೆಲವರು ಹೇಳುತ್ತಾರೆ.

ಕಿಂಡಿಯೆಂದ ಕೂಡಲೆ ನಮಗೆ ಚಿತ್ರದುರ್ಗ ನೆನಪಾಗದಿರದು. ಒನಕೆ ಹಿಡಿದು ಕಿಂಡಿಯ ಬಾಯಲ್ಲಿ ನಿಂತ ಓಬವ್ವನ ಕಥೆಯನ್ನು ನಾನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಗಯ್ಯಾರ್‌ನ ಕಿಂಡಿಗೆ ಒಬ್ಬ ಓಬವ್ವ ಇರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ತಿಪಟೂರಿನಿಂದ ಹುಳಿಯಾರು, ಹಿರಿಯೂರು ಮಾರ್ಗವಾಗಿ ಚಿತ್ರದುರ್ಗಕ್ಕೆ ಹೋಗಿಬರುವುದು ಒಂದು ದಿನದ ಕೆಲಸ. ಅಲ್ಲಿ ಬಾಗಿಲುಗಳನ್ನು ಗಮನಿಸಿ. ಒಂದು ಬಾಗಿಲನ್ನು ದಾಟಿದ ಕೂಡಲೆ ಮುಂದಿನದು ಎದುರಿಗೆ ಕಾಣುವುದಿಲ್ಲ. ದಾರಿ ತಟ್ಟನೆ ತಿರುಗುತ್ತದೆ. ಓಡಿ ಬಂದು ಗುದ್ದುವ ಆನೆಗೆ ಓಟಕ್ಕೆ ಸ್ಥಳವಿಲ್ಲದಂತೆ ಮಾಡಿದ ಏರ್ಪಾಡು ಇದು. ತಿರುಗಿದವನ ಪಕ್ಕಕ್ಕೂ ಬೆನ್ನಿಗೂ ಮೇಲಿನಿಂದ ಏಟು ಬೀಳುತ್ತದೆ. ಬಾಗಿಲಿಗಿಂತಲೂ ದೊಡ್ಡ ಆಶ್ಚರ್ಯ ನೀರಿನದು. ಮೇಲಣ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುತ್ತದೆ. ಬರಗಾಲದ ಸೀಮೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆಯೇ ಇಷ್ಟಕ್ಕೂ ಆಧಾರ. ಹೈದರಾಲಿ ಮತ್ತೆ ಮತ್ತೆ ಬಂದು 1779ರಲ್ಲಿ ಇದನ್ನು ಗೆದ್ದನಷ್ಟೆ. ಅದು ಒಂದೇ ಏಟಿಗೆ ಸಾಧ್ಯವಾಗದಿದ್ದುದಕ್ಕೆ ಕಾರಣ ಏಳು ಸುತ್ತಿನಷ್ಟೇ ಈ ಹೊಂಡಗಳೂ ಎಂದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯದೇ ಆದ ಮಧುಗಿರಿಯಲ್ಲಿ ಬಂಡೆಯೇ ಕೋಟೆಯ ಅರ್ಧ ಕೆಲಸವನ್ನು ಮಾಡಿದೆ. ಅದನ್ನು ಹತ್ತುವವರು ಬೆಳಗ್ಗೆಯೇ ಹತ್ತಬೇಕು. ಬಂಡೆ ಕಾದ ಮೇಲೆ ಕಾಲಿಡಲಾಗದು.

ಇಷ್ಟು ಹೊತ್ತಿಗೆ ಫಿರಂಗಿ ಬಂದಿತು. ಕೋಟೆಯ ಶಾಸ್ತ್ರ ತಲೆಕೆಳಗಾಯಿತು. ಎತ್ತರದ ಗೋಡೆ ಗುಂಡಿಗೆ ಸುಲಭವಾದ ಗುರಿ. ಆದುದರಿಂದ ಗೋಡೆಯನ್ನು ತಗ್ಗಿಸಿ, ದಪ್ಪ ಮಾಡಿ, ಹಿಂದೆ ಮಣ್ಣು ತುಂಬಿದರು. ಇನ್ನೊಂದು ತೊಂದರೆ ದುಂಡು ಕೊತ್ತಲದ್ದು. ಅದರ ಬುಡಕ್ಕೆ ಬಂದು ಅಂಟಿಕೊಂಡ ಹಗೆ ಮೇಲಿನವನಿಗೂ ಕಾಣಿಸುವುದಿಲ್ಲ, ಪಕ್ಕದ ಕೊತ್ತಲದವನಿಗೂ ಪೂರ್ತಿಯಾಗಿ ಕಾಣಿಸುವುದಿಲ್ಲ; ಅಲ್ಲಿ ಕುಳಿತು ನೆಮ್ಮದಿಯಾಗಿ ಗೋಡೆಯನ್ನು ಅಗೆಯಬಹುದು. ಕೊತ್ತಲವನ್ನು ಬಾಣದ ಮೊನೆಯಂತೆ ಚೂಪು ಮಾಡಿದರೆ ಅದರ ಎರಡು ಮುಖಗಳೂ ಪಕ್ಕದ ಕೊತ್ತಲಗಳ ಗುಂಡಿನ ದಾರಿಗೆ ಸಿಕ್ಕುತ್ತವೆ. ಅವಿತುಕೊಳ್ಳಲು ಮೂಲೆಯೇ ಉಳಿಯುವುದಿಲ್ಲ. ಇಂಥ ಮೊನೆಗಳನ್ನು ಸುತ್ತಲೂ ಜೋಡಿಸಿದರೆ ಕೋಟೆ ತಾನಾಗಿಯೇ ನಕ್ಷತ್ರವಾಗುತ್ತದೆ. ಇಟಲಿಯಲ್ಲಿ ಹುಟ್ಟಿದ ಈ ವಿದ್ಯೆಯನ್ನು ಪರಿಪೂರ್ಣಗೊಳಿಸಿದವನು ಫ್ರಾನ್ಸಿನ ವೋಬಾನ್ (1633–1707). ಅವನು ಯೋಜಿಸಿದ ನಫ್ ಬ್ರಿಸಾಕ್ ಎಂಬ ಎಂಟು ಮೂಲೆಯ ಕೋಟೆಯೂರು ಆ ದೇಶದ ಪೂರ್ವದ ಗಡಿಯಲ್ಲಿ ಇಂದಿಗೂ ಇದೆ. ಅವನ ಹನ್ನೆರಡು ನೆಲೆಗಳು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು.

ಅದನ್ನು ನೋಡಲು ಫ್ರಾನ್ಸಿಗೆ ಹೋಗುವಷ್ಟು ಹಣ ನಮ್ಮಲ್ಲಿ ಯಾರಿಗಿದೆ? ಆದರೆ ತಿಪಟೂರಿನಿಂದ ಅರಸೀಕೆರೆ, ಹಾಸನಗಳನ್ನು ದಾಟಿ ಸಕಲೇಶಪುರಕ್ಕೆ ಹೋಗುವುದಕ್ಕೆ ವಿದ್ಯಾರ್ಥಿಯ ಜೇಬೂ ಸಾಕು. ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ಸುಮಾರು ನಾಲ್ಕು ಮೈಲಿ ಹೋದರೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ ಘಾಟಿಯ ದಾರಿಯ ಕಾವಲಿಗೆಂದು ಇದನ್ನು ಕಟ್ಟಿಸಿದ. 1792ರಲ್ಲಿ ಪೂರ್ಣವಾಯಿತೆಂದೂ ಫ್ರೆಂಚ್ ಇಂಜಿನಿಯರುಗಳ ನೆರವಿತ್ತೆಂದೂ ಹೇಳುತ್ತಾರೆ. ಫ್ರೆಂಚರೊಡನೆ ಅವನ ನಂಟಂತೂ ಗೊತ್ತಿರುವುದೇ: 1788ರಲ್ಲಿ ಅವನ ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನದಲ್ಲಿದ್ದರು.

ಸುಮಾರು 250 ಮೆಟ್ಟಿಲುಗಳನ್ನು ಹತ್ತಿ ಒಳಗೆ ಹೋದವನಿಗೆ ಮೊದಲು ಮೋಸವಾದಂತೆನಿಸುತ್ತದೆ. ಗೋಪುರವಿಲ್ಲ, ಮಹಡಿಯಿಲ್ಲ, ನಡುವೆ ಶಿಲುಬೆಯಾಕಾರದ ಒಂದು ಕೊಳ, ಪಕ್ಕದಲ್ಲಿ ಮದ್ದಿಡಲು ನೆಲದೊಳಗೆ ಕಟ್ಟಿದ ತಂಪು ಕೋಣೆಗಳು, ಸುತ್ತ ತಗ್ಗು ಗೋಡೆ. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಾಣುವ ಆ ಸೊಗಸಾದ ನಕ್ಷತ್ರ ಎಲ್ಲಿ ಹೋಯಿತು? ಒಳಗೆ ನಿಂತವನಿಗೆ ಅದು ಕಾಣುವುದೇ ಇಲ್ಲ. ಗೋಡೆಯ ಮೇಲೆ ಜೋಪಾನವಾಗಿ ನಡೆದು, ಮೊನೆಯೊಂದರಲ್ಲಿ ನಿಂತು ಪಕ್ಕದ ಮೊನೆಯನ್ನು ನೋಡಬೇಕು. ಬಂದೂಕಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಕಾಣುವುದು ಕಣಿವೆಯಲ್ಲ, ಎದುರಿನ ಗೋಡೆಯ ಬುಡ! ಅಲ್ಲಿ ಹುಲ್ಲಿನ ನಡುವೆ ಒಬ್ಬ ಮನುಷ್ಯ ಕೂತಿದ್ದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಹೀಗೆ ಒಂದೊಂದೇ ಮೊನೆಯನ್ನು ಎಣಿಸುತ್ತ ಎಂಟಕ್ಕೆ ಬಂದಾಗ ನಕ್ಷತ್ರ ಕಾಲಿಗೆ ತಿಳಿಯುತ್ತದೆ.

ಆಗ ನಮ್ಮ ಚೆನ್ನಕೇಶವನ ಗುಡಿ ನೆನಪಾಗುತ್ತದೆ. ಅಲ್ಲಿಯೂ ನಕ್ಷತ್ರವೇ, ಅಲ್ಲಿಯೂ ಕೋನಗಳೇ. ಅಲ್ಲಿ ಒಂದೊಂದು ಕೋನವೂ ಬೆಳಕನ್ನೊಂದು ಕಡೆ, ನೆರಳನ್ನೊಂದು ಕಡೆ ಹಿಡಿದು ವಿಗ್ರಹಗಳನ್ನು ಎತ್ತಿ ತೋರಿಸುತ್ತದೆ. ಇಲ್ಲಿ ನೆರಳಿನಲ್ಲಿ ಯಾರೂ ಉಳಿಯಕೂಡದು.

ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ. ಮಂಜು ಕವಿದರೆ ಎದುರಿನ ಮೊನೆಯೂ ಕಾಣುವುದಿಲ್ಲ. ಮಳೆ ನಿಂತ ಮೇಲೆ, ಬೆಳಗ್ಗೆ ಒಂಬತ್ತು ಗಂಟೆಯ ನಂತರ ಹೋಗುವುದು ಅನುಕೂಲ.