ನಿಮಗಿದು ಗೊತ್ತೇ? ಕಬ್ಬಿನ ಸೀಮೆಯಲ್ಲಿ ತಿಮಿಂಗಿಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಸಮುದ್ರವಿಲ್ಲ. ಆದರೆ ತಿಮಿಂಗಿಲವನ್ನು ಅಳೆಯಲು ಇಲ್ಲಿಯ ಅಳತೆಗಳೇ ಸಾಕು.

• ಎರಡು ಟ್ರೇಲರ್ ಕಟ್ಟಿಕೊಂಡು ಫ್ಯಾಕ್ಟರಿ ಗೇಟಿನಲ್ಲಿ ಪಾಳಿ ಕಾಯುವ ಟ್ರ್ಯಾಕ್ಟರಿನಲ್ಲಿ 20 ಟನ್ ಕಬ್ಬಿದೆ ಎನ್ನಿ. ಅಂಥ ಏಳು ಟ್ರ್ಯಾಕ್ಟರಿನ ಕಬ್ಬು ಸೇರಿದರೆ ಒಂದು ದೊಡ್ಡ ನೀಲಿ ತಿಮಿಂಗಿಲದ ತೂಕ.

• ನೀಲಿ ತಿಮಿಂಗಿಲದ ಮರಿ ದಿನಕ್ಕೆ ಸುಮಾರು 200 ಲೀಟರ್ ಹಾಲು ಕುಡಿದು, 90 ಕೆ.ಜಿ.ಯಷ್ಟು ತೂಕ ಏರಿಸಿಕೊಳ್ಳುತ್ತದೆ. ನಮ್ಮ ಎಮ್ಮೆ ಹಾಲಿಗೆ ಶೇ. 7 ಫ್ಯಾಟ್ ಬಂದರೆ ಡೇರಿಯಲ್ಲಿ ಒಳ್ಳೆಯ ದರ. ತಿಮಿಂಗಿಲದ ಹಾಲಿಗೆ ಶೇ. 35ಕ್ಕೂ ಮಿಗಿಲು! ಹಿಂಡುವವರು ಬೇಕಷ್ಟೇ.

• ತಿಮಿಂಗಿಲ ಮೀನಲ್ಲ. ಅದರ ಮೂಲಪುರುಷ 'ಪಾಕಿಸೀಟಸ್' ಸುಮಾರು 5 ಕೋಟಿ ವರ್ಷಗಳ ಹಿಂದೆ, ಇಂದಿನ ಪಾಕಿಸ್ತಾನದಲ್ಲಿ, ನಾಲ್ಕು ಕಾಲಿನ ಮೇಲೆ ಓಡಾಡಿಕೊಂಡಿತ್ತು. ಗಾತ್ರ ಹೆಚ್ಚೂಕಡಿಮೆ ಮುಧೋಳ ನಾಯಿಯಷ್ಟೇ.

• ಮುಧೋಳದ ಕವಿ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಮಂತ್ರಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ಸ್ಪರ್ಮ್ ತಿಮಿಂಗಿಲಕ್ಕೆ ಮಂತ್ರ ಬೇಡ. ಒಂದು ಕಿಲೋಮೀಟರಿಗಿಂತಲೂ ಆಳಕ್ಕಿಳಿದು ಸುಮಾರು ಒಂದು ತಾಸು ಉಸಿರು ಹಿಡಿಯಬಲ್ಲದು. ಸ್ನಾಯುಗಳಲ್ಲೇ ಆಮ್ಲಜನಕ ಕೂಡಿಟ್ಟಿರುತ್ತದೆ. ಭೀಮನ ಮೂದಲಿಕೆಗೆ ಕೌರವ ನೀರೊಳಗಿದ್ದೂ ಬೆವೆತನಲ್ಲ, ತಿಮಿಂಗಿಲ ಹಾಗೆ ಬೆವರಲಾರದು. ಬೆವರಿನ ಗ್ರಂಥಿಯೇ ಅದಕ್ಕಿಲ್ಲ.

• ರಬಕವಿ-ಬನಹಟ್ಟಿಯ ನೇಕಾರರೇ, ಇದು ನಿಮಗೆ: 19ನೇ ಶತಮಾನದ ಹತ್ತಿ ಗಿರಣಿಗಳಲ್ಲಿ ನೂಲಿನ ಕದಿರು ಸರಾಗ ತಿರುಗಲು ಹಾಕುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅದರ ತಲೆಯೊಳಗಿನ ಮೇಣದಿಂದ ಮೇಣದಬತ್ತಿ ಆಗುತ್ತಿತ್ತು. ಅಮೆರಿಕದ ಕಾರುಗಳ ಗೇರ್ ಎಣ್ಣೆಗೂ 1970ರ ದಶಕದ ಆರಂಭದವರೆಗೆ ಈ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು.

• ಮುಂಗಾರಿನ ಗಾಳಿ ಘಟ್ಟದಲ್ಲಿ ಮಳೆ ಸುರಿದು ಘಟಪ್ರಭೆಗೆ ನೆರೆ ತರುತ್ತದೆ. ನಮ್ಮ ಹೊಲಕ್ಕೆ ಮಾತ್ರ ಬರೀ ಮೋಡ. ಅದೇ ಗಾಳಿ ಒಮಾನ್ ತೀರದ ಮೇಲ್ನೀರನ್ನು ಸರಿಸಿ, ಆಳದ ತಂಪು ನೀರನ್ನು ಮೇಲಕ್ಕೆ ತಂದು, ತಿಮಿಂಗಿಲಗಳಿಗೆ ಮೇವು ಬೆಳೆಸುತ್ತದೆ. ಹಾಗಾಗಿ ಅರಬ್ಬಿ ಸಮುದ್ರದ ಗೂನು ತಿಮಿಂಗಿಲಗಳು ಬೇರೆ ಕಡೆಯ ಬಳಗದಂತೆ ಧ್ರುವದತ್ತ ವಲಸೆ ಹೋಗುವುದಿಲ್ಲ. 1965-66ರಲ್ಲಿ ಸೋವಿಯತ್ ಹಡಗುಗಳು ಇವುಗಳಲ್ಲಿ 242ನ್ನು ಕದ್ದು ಕೊಂದವು. ಲೆಕ್ಕ ಬಯಲಾದದ್ದು ಆ ದೇಶ ಒಡೆದ ಮೇಲೆ. ಆಮೇಲೆ ಒಮಾನ್ ತೀರದಲ್ಲಿ ಅಂದಾಜು ಮಾಡಿದಾಗ ನೂರೂ ಇರಲಿಲ್ಲ.

• 'ತಿಮಿಂಗಿಲ ವಾಂತಿ', ಅಂದರೆ ಅಂಬರ್‌ಗ್ರಿಸ್, ನಿಜಕ್ಕೂ ವಾಂತಿಯಲ್ಲ ಎನ್ನುತ್ತಾರೆ ಬಹುಪಾಲು ವಿಜ್ಞಾನಿಗಳು. ಸ್ಪರ್ಮ್ ತಿಮಿಂಗಿಲ ನುಂಗಿದ ಸ್ಕ್ವಿಡ್‌ಗಳ ಕೊಕ್ಕು ಕರಗದೆ ಕರುಳಿಗೆ ಚುಚ್ಚಿದಾಗ ಅದರ ಸುತ್ತ ಕಟ್ಟುವ ಮೇಣದಂಥ ಗಡ್ಡೆಯದು. ಹೊರಬಿದ್ದಾಗ ಸಗಣಿ ವಾಸನೆ. ವರ್ಷಗಟ್ಟಲೆ ಉಪ್ಪುನೀರಲ್ಲಿ ತೇಲಿದ ಮೇಲೆ ಅತ್ತರಿನವರು ಹುಡುಕುವ ಸುಗಂಧ. ಕಡಲಿಲ್ಲದ ಬೆಂಗಳೂರಿನಲ್ಲೇ 2021ರಲ್ಲಿ ಪೊಲೀಸರು ಇದನ್ನು ಹಿಡಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದರ ವ್ಯಾಪಾರ ಅಪರಾಧ. ಕೋಟಿಯ ಆಸೆ ತೋರಿಸಿ ಯಾರಾದರೂ ಇದರ ಗಟ್ಟಿ ತಂದರೆ, ಮುಟ್ಟಬೇಡಿ. 112ಕ್ಕೆ ಫೋನ್ ಹಚ್ಚಿ.